ತಿಳಿವಿನ ಕ್ರಮ: ಜನ್ನನ ಕಥನಕೌಶಲದ ಒಂದು ಮುಖ

ಕಥೆ ಬರೆಯುವ ಕೌಶಲವನ್ನು ಕುರಿತ ಚರ್ಚೆಗಳಲ್ಲಿ ನಮ್ಮ ಪ್ರಾಚೀನ ಕಾವ್ಯಗಳನ್ನು ಸಾಕ್ಷಿಗೆ ಕರೆಯುವ ವಾಡಿಕೆ ಕಡಿಮೆ. 1209ರಲ್ಲಿ ರಚಿತವಾದ ಜನ್ನನ 'ಯಶೋಧರ ಚರಿತೆ'ಯನ್ನಾದರೂ ಕರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಅಮೃತಮತಿಯ ಪ್ರಸಂಗವನ್ನೇ ಗಮನಿಸೋಣ. ರಾಣಿಗೆ ಮೊದಲು ಎದುರಾಗುವುದು ಮಾವುತನಲ್ಲ, ಇರುಳಿನಲ್ಲಿ ತೇಲಿಬಂದ ಅವನ ಹಾಡು. ಅವಳ ಮನಸ್ಸು ಸೋತ ಮೇಲೆಯೇ ದೂತಿ ಹೋಗಿ, ಅವನ ವಿಕಾರರೂಪವನ್ನು ಕಂಡುಬಂದು ವರ್ಣಿಸುತ್ತಾಳೆ. ಈ ಕ್ರಮವನ್ನು ತಿರುಗಿಸಿ ರೂಪವನ್ನು ಮೊದಲೇ ಹೇಳಿದ್ದರೆ ಉಳಿಯುತ್ತಿದ್ದುದು ಒಂದು ವಿಕೃತಿಯ ವರದಿ ಮಾತ್ರ. ಈಗಲಾದರೋ ಆ ದನಿಗೆ ಅವಳೊಡನೆ ನಾವೂ ಕಿವಿಗೊಟ್ಟಿರುತ್ತೇವೆ. ದೂತಿಯ ಮಾತು ಕೇಳಿಯೂ ಅವಳು ಹಿಂಜರಿಯದಿದ್ದಾಗ ಸುಲಭವಾಗಿ ಖಂಡಿಸಲಾರೆವು. (ಪಾಠಹೇಳುವವರು ಇದನ್ನು ಕುಲಟೆಯ ನಿದರ್ಶನವಾಗಿ ಇಳಿಸಿರುವುದು ಬೇರೆ ಮಾತು.) ಅಹಿಂಸೆಯನ್ನು ಸಾರಹೊರಟ ಜೈನಕವಿಗೆ ಇದೇನೂ ಅನುಕೂಲದ ಸ್ಥಿತಿಯಲ್ಲ. ಆದರೂ ಜನ್ನ ಅದನ್ನು ಬಿಟ್ಟುಕೊಡಲಿಲ್ಲ.

ಮುಂದಿನ ಹೆಣಿಗೆಯೂ ಹೀಗೆಯೇ. ಯಶೋಧರ ಎತ್ತಿದ ಕತ್ತಿಯನ್ನು ತಡೆಹಿಡಿಯುತ್ತಾನೆ. ಕಂಡದ್ದನ್ನು ತಾಯಿಗೆ ಕೆಟ್ಟ ಕನಸೆಂದು ಹೇಳುತ್ತಾನೆ. ಆ ಒಂದು ಮರೆಮಾಚುವಿಕೆಯಿಂದ ಶಾಂತಿಗಾಗಿ ಹಿಟ್ಟಿನ ಕೋಳಿಯ ಬಲಿ, ಬಲಿಯಿಂದ ಜನ್ಮಪರಂಪರೆ. ಹೊರಗಿನಿಂದ ತಂದಿಟ್ಟ ಘಟನೆ ಇಲ್ಲಿಲ್ಲ.

ಇಂದಿನ ಅನೇಕ ಕಥೆಗಳು ಪಾತ್ರ ಬಾಯಿ ತೆರೆಯುವ ಮೊದಲೇ ಅದರ ಮನಸ್ಸನ್ನು ವಿವರಿಸಿ ಮುಗಿಸುತ್ತವೆ. ಅಂಥ ಕಥೆಗಾರರು ಈ ಭಾಗವನ್ನು ಕೈಬರಹದಲ್ಲಿ ಒಮ್ಮೆ ನಕಲು ಮಾಡಿಕೊಂಡರೂ ಪ್ರಯೋಜನವಿದೆ.

ಭವಾವಳಿಯ ಭಾಗದಲ್ಲಿ ಮಾತ್ರ ಜನ್ನನ ಈ ಹಿಡಿತ ಸಡಿಲಾಗಿದೆ. ನವಿಲು, ನಾಯಿ ಮೊದಲಾದ ಜನ್ಮಗಳು ಒಂದರ ಹಿಂದೊಂದು ಸರಿದುಹೋಗುತ್ತವೆ; ಏನಾಗಲಿದೆಯೆಂಬುದು ಅಲ್ಲಿ ಓದುಗನಿಗೆ ಮೊದಲೇ ತಿಳಿದಿರುತ್ತದೆ.