ಸಲ್ಲಿಕೆಯ ನಿಯಮಗಳೂ ಹಾಡಿಯ ನುಡಿಯೂ: ಆನ್‌ಲೈನ್ ಭಾಷಾವಿಜ್ಞಾನ ಪತ್ರಿಕೆಗಳ ಲೇಖಕ ಸೂಚನೆಗಳ ವಿಮರ್ಶೆ

ಸಾರಾಂಶ: ಆನ್‌ಲೈನ್ ಸಂಶೋಧನ ಪತ್ರಿಕೆಗಳು ಲೇಖಕರಿಗೆ ಕೊಡುವ ಸೂಚನೆಗಳನ್ನು ನಾವು ಸಾಮಾನ್ಯವಾಗಿ ಕೇವಲ ಕಚೇರಿ ವಿಧಿಗಳೆಂದು ಭಾವಿಸುತ್ತೇವೆ. ಹೆಗ್ಗಡದೇವನಕೋಟೆ ಸೀಮೆಯ ಹಾಡಿಗಳ ನುಡಿಯನ್ನು ಕುರಿತ ಹಸ್ತಪ್ರತಿಯನ್ನು ಈ ಸೂಚನೆಗಳಿಗೆ ಒಡ್ಡಿ ನೋಡಿದರೆ, ಅವು ಭಾಷೆಯ ಗುರುತು, ವಿಶ್ಲೇಷಣೆ ಮತ್ತು ದತ್ತಾಂಶದ ಒಡೆತನಗಳ ಬಗ್ಗೆಯೂ ತೀರ್ಪು ಕೊಡುತ್ತವೆ ಎಂಬುದು ತಿಳಿಯುತ್ತದೆ. ಆ ತೀರ್ಪುಗಳ ಪರಿಶೀಲನೆ ಈ ಲೇಖನದ ಉದ್ದೇಶ.

ಕೀಲಿಪದಗಳು: ಹಸ್ತಪ್ರತಿ ಸಲ್ಲಿಕೆ, ಜೇನುಕುರುಬ, ಬೆಟ್ಟಕುರುಬ, ಯೂನಿಕೋಡ್, ದತ್ತಾಂಶ ನೀತಿ

1. ಪೀಠಿಕೆ

ನಮ್ಮ ವಿಶ್ವವಿದ್ಯಾನಿಲಯಗಳ ಸಂಶೋಧನ ವಿಧಾನದ ಪಾಠಗಳಲ್ಲಿ ಹಸ್ತಪ್ರತಿಯ ಸಲ್ಲಿಕೆಗೆ ದೊರೆಯುವುದು ಕೊನೆಯ ಒಂದೆರಡು ತರಗತಿಗಳು ಮಾತ್ರ. ಲೇಖನ ಮುಗಿದ ಮೇಲೆ ಅಕ್ಷರದ ಗಾತ್ರ, ಪುಟದ ಅಂಚು, ಉಲ್ಲೇಖದ ಕ್ರಮ ಇವನ್ನು ಸರಿಪಡಿಸಿ ಕಳುಹಿಸುವುದೇ ಸಲ್ಲಿಕೆ ಎಂಬ ತಿಳಿವಳಿಕೆ ಬೇರೂರಿದೆ. ಲಿಖಿತ ಪರಂಪರೆಯುಳ್ಳ ಭಾಷೆಯನ್ನು ಕುರಿತ ಲೇಖನಕ್ಕೆ ಇಷ್ಟು ಸಾಕಾಗಬಹುದು. ಕಬಿನಿ ಹಿನ್ನೀರಿನಿಂದ ನಾಗರಹೊಳೆಯ ಅಂಚಿನವರೆಗೆ ಹರಡಿರುವ ಹಾಡಿಗಳ ಜೇನುಕುರುಬ, ಬೆಟ್ಟಕುರುಬ ನುಡಿಗಳನ್ನು ಕುರಿತು ಬರೆಯುವವರಿಗೆ ಸಾಲದು. ಅಲ್ಲಿ ಸಲ್ಲಿಕೆಯ ನಮೂನೆಯಲ್ಲಿರುವ ಒಂದೊಂದು ಅಂಕಣವೂ ಒಂದೊಂದು ಭಾಷಾವೈಜ್ಞಾನಿಕ ಪ್ರಶ್ನೆಯಾಗುತ್ತದೆ.

2. ಭಾಷೆಯ ಹೆಸರು ಎಂಬ ಅಂಕಣ

ಹಲವು ಪತ್ರಿಕೆಗಳ ಸಲ್ಲಿಕೆ ನಮೂನೆ ಅಧ್ಯಯನದ ಭಾಷೆ ಯಾವುದೆಂದು ಕೇಳುತ್ತದೆ. ಕೆಲವು ಐಎಸ್‌ಒ 639-3 ಸಂಹಿತೆಯನ್ನೂ ಕೇಳುತ್ತವೆ. ಆ ಸಂಹಿತೆಯಲ್ಲಿ ಕನ್ನಡಕ್ಕೆ ಒಂದು ಗುರುತು, ಜೇನುಕುರುಬಕ್ಕೆ 'ಎಕ್ಸ್‌ಯುಜೆ' ಎಂಬ ಬೇರೆ ಗುರುತು, ಬೆಟ್ಟಕುರುಬಕ್ಕೆ 'ಎಕ್ಸ್‌ಯುಬಿ' ಎಂಬ ಮತ್ತೊಂದು ಗುರುತು ಇವೆ. ಭಾರತದ ಜನಗಣತಿಯ ಕ್ರಮ ಇದಕ್ಕೆ ವ್ಯತಿರಿಕ್ತ. ಅದು 'ಕುರುಬ/ಕುರುಂಬ' ಎಂಬ ಮಾತೃಭಾಷೆಯನ್ನು ಕನ್ನಡದ ತಲೆಬರಹದ ಕೆಳಗೆ ಸೇರಿಸುತ್ತದೆ. ಹತ್ತು ಸಾವಿರಕ್ಕಿಂತ ಕಡಿಮೆ ಭಾಷಿಕರುಳ್ಳ ಮಾತೃಭಾಷೆಗಳ ಅಂಕಿಗಳನ್ನು ಬೇರೆಯಾಗಿ ಪ್ರಕಟಿಸುವುದಿಲ್ಲ. ಹೀಗೆ ಒಂದೇ ನುಡಿ ಒಂದು ಪಟ್ಟಿಯಲ್ಲಿ ಸ್ವತಂತ್ರ ಭಾಷೆ, ಇನ್ನೊಂದರಲ್ಲಿ ಕನ್ನಡದ ಉಪಭಾಷೆ. ಲೇಖಕನು ಪಟ್ಟಿಯಿಂದ ಒಂದನ್ನು ಆರಿಸಿದ ಕ್ಷಣದಲ್ಲೇ, ವಾದವನ್ನು ಮಂಡಿಸುವ ಮೊದಲೇ, ಪಕ್ಷ ಹಿಡಿದಂತಾಗುತ್ತದೆ.

ಹೆಸರಿನ ರೂಪವೂ ಗಮನಾರ್ಹ. ಕರ್ನಾಟಕದ ದಾಖಲೆಗಳಲ್ಲಿ ಕಾಣುವುದು 'ಜೇನುಕುರುಬ'. ಅಂತರರಾಷ್ಟ್ರೀಯ ಸಾಹಿತ್ಯದಲ್ಲಿ ಬಹುಪಾಲು 'ಕುರುಂಬ'. ಒಂದನ್ನೇ ಕೀಲಿಪದವಾಗಿ ಕೊಟ್ಟರೆ ಇನ್ನೊಂದು ಹೆಸರಿನಲ್ಲಿ ಹುಡುಕುವವರಿಗೆ ಲೇಖನ ಸಿಗುವುದಿಲ್ಲ. ಬರಿಯ 'ಕುರುಬ' ಎಂದರೆ ಕುರಿಸಾಕಣೆಯ ಸಮುದಾಯದೊಡನೆ ಗೊಂದಲವಾಗುತ್ತದೆ.

ಇದರ ಜೊತೆಗೆ ಪ್ರದೇಶದ ಪ್ರಶ್ನೆಯಿದೆ. ಕಮಿಲ್ ಜ್ವೆಲೆಬಿಲ್ ಅವರು 1988ರಲ್ಲಿ ಪ್ರಕಟಿಸಿದ ಜೇನುಕುರುಂಬ ಕುರಿತ ಕಿರುವರದಿಯೂ, ಗೇಲ್ ಕೊಯೆಲ್ಹೊ ಅವರು 2003ರಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಬೆಟ್ಟಕುರುಂಬ ವ್ಯಾಕರಣವೂ ನೀಲಗಿರಿ ಕಡೆಯ ನುಡಿಯನ್ನು ಆಧರಿಸಿವೆ. ಕಬಿನಿ ಕಡೆಯ ರೂಪಗಳು ಅವೇ ಎಂದು ಊಹಿಸಿಕೊಂಡು ಹೊರಡುವಂತಿಲ್ಲ. ಆದ್ದರಿಂದ ಹಸ್ತಪ್ರತಿಯ ಶೀರ್ಷಿಕೆಯಲ್ಲೇ ತಾಲ್ಲೂಕಿನ ಹೆಸರಿರಬೇಕು. ಶೀರ್ಷಿಕೆ ಚಿಕ್ಕದಾಗಿರಲಿ ಎಂಬ ಸಂಪಾದಕೀಯ ಸೂಚನೆಗೆ ಇಲ್ಲಿ ಮಣಿಯಬಾರದು.

3. ಲಿಪಿ ಮತ್ತು ವಿಂಗಡಣೆ

ಕನ್ನಡ ಲಿಪಿಯಲ್ಲಿ ಹಸ್ತಪ್ರತಿ ಸಿದ್ಧಪಡಿಸುವವರಿಗೆ ಮೊದಲ ತೊಡಕು ಸಂಕೇತ ವ್ಯವಸ್ಥೆಯದು. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡವಿದೆ; 128 ಸ್ಥಾನಗಳು ಅದಕ್ಕೆ ಮೀಸಲು. ಆದರೂ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧವಾದ ಕಡತಗಳು ಇಂದಿಗೂ ಸಂಶೋಧಕರ ಕಂಪ್ಯೂಟರುಗಳಲ್ಲಿವೆ. ಅಂಥ ಕಡತದಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಹುಡುಕಾಟಕ್ಕೂ ಕೃತಿಚೌರ್ಯ ಪತ್ತೆಯ ತಂತ್ರಾಂಶಕ್ಕೂ ಅದು ಕನ್ನಡವೇ ಅಲ್ಲ. ಪರಿವರ್ತಕದ ಮೂಲಕ ಹಾಯಿಸಿದ ಮೇಲೂ ಉದಾಹರಣೆಗಳನ್ನು ಒಂದೊಂದಾಗಿ ಓದಿ ನೋಡುವುದು ಅಗತ್ಯ. ಒತ್ತಕ್ಷರ, ಅರ್ಕಾವೊತ್ತುಗಳು ಪಲ್ಲಟವಾದರೆ ಗದ್ಯದಲ್ಲಿ ಅದು ಅಚ್ಚಿನ ದೋಷ, ಭಾಷಾವಿಜ್ಞಾನದ ಲೇಖನದಲ್ಲಿ ಸುಳ್ಳು ದತ್ತಾಂಶ.

ಎರಡನೆಯ ತೊಡಕು ಇದಕ್ಕಿಂತ ಆಳವಾದುದು. ಲೈಪ್‌ಜಿಗ್ ನಿಯಮಗಳು ಆಕೃತಿಮಾಗಳ ನಡುವೆ ಗೆರೆ ಎಳೆಯಲು ಹೇಳುತ್ತವೆ. 'ಮರದಲ್ಲಿ' ಎಂಬ ಸರಳ ರೂಪವನ್ನು ತೆಗೆದುಕೊಳ್ಳೋಣ. ಪ್ರಕೃತಿ 'ಮರ', ನಡುವಣ ಆಗಮ 'ದ್', ಪ್ರತ್ಯಯ 'ಅಲ್ಲಿ'. ಆಗಮ ಮತ್ತು ಪ್ರತ್ಯಯಗಳ ಗಡಿ 'ದ' ಎಂಬ ಒಂದೇ ಅಕ್ಷರದ ಒಳಗೆ ಬೀಳುತ್ತದೆ. ಅಕ್ಷರವನ್ನು ಒಡೆಯದೆ ಆ ಗಡಿಯನ್ನು ತೋರಿಸಲು ಬರುವುದಿಲ್ಲ. ಹೀಗಾಗಿ ಪತ್ರಿಕೆಗಳು ರೋಮನ್ ಲಿಪ್ಯಂತರವನ್ನು ಮಾತ್ರ ಕೇಳುತ್ತವೆ, ಕನ್ನಡದ ಸಾಲು ಕೈಬಿಟ್ಟುಹೋಗುತ್ತದೆ. ಆದರೆ ಆ ಸಾಲನ್ನು ಓದಿ 'ನಾವು ಹೀಗೆ ಅನ್ನುವುದಿಲ್ಲ' ಎಂದು ತಿದ್ದಬಲ್ಲವರು ಹಾಡಿಯ ಶಾಲೆಯಲ್ಲಿ ಕನ್ನಡ ಕಲಿತ ಭಾಷಿಕರೇ. ನಾಲ್ಕು ಸಾಲುಗಳ ಕ್ರಮ ಇದಕ್ಕೆ ಪರಿಹಾರ: ಕನ್ನಡ ಲಿಪಿಯಲ್ಲಿ ಒಡೆಯದ ರೂಪ, ಲಿಪ್ಯಂತರದಲ್ಲಿ ವಿಂಗಡಿಸಿದ ರೂಪ, ಪದಶಃ ಅರ್ಥ, ಅನುವಾದ. ಆನ್‌ಲೈನ್ ಪತ್ರಿಕೆಗೆ ಹಾಳೆಯ ಖರ್ಚಿಲ್ಲ. ಒಂದು ಸಾಲು ಹೆಚ್ಚಾದರೆ ನಷ್ಟವೇನೂ ಇಲ್ಲ.

ಇದರ ಇನ್ನೊಂದು ಮುಖವೆಂದರೆ ಕನ್ನಡ ಲಿಪಿಯೇ ಎಲ್ಲ ಕಡೆಯೂ ಸಾಲದು. ನೆರೆಯ ಕೊಡವ ನುಡಿಯ ಕೇಂದ್ರ ಸ್ವರಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಚಿಹ್ನೆಯಿಲ್ಲ ಎಂಬುದು ತಿಳಿದ ವಿಷಯ. ಹಾಡಿಯ ನುಡಿಯನ್ನು ಕನ್ನಡದ ಸ್ವರಗಳಿಗೆ ಹೊಂದಿಸಿ ಬರೆದುಬಿಟ್ಟರೆ, ಅದು ಕನ್ನಡದ ಉಪಭಾಷೆ ಎಂಬ ತೀರ್ಮಾನ ಲಿಪಿಯಿಂದಲೇ ಹುಟ್ಟಿಬಿಡುತ್ತದೆ. ಪದಶಃ ಅರ್ಥದ ಸಾಲಿಗೂ ಈ ಮಾತು ಅನ್ವಯಿಸುತ್ತದೆ. 'ಅಲ್ಲಿ' ಪ್ರತ್ಯಯಕ್ಕೆ 'ಸಪ್ತಮೀ' ಎಂದು ಬರೆಯುವಾಗ ಸಂಸ್ಕೃತದ ವಿಭಕ್ತಿಕ್ರಮವನ್ನು ಒಪ್ಪಿಕೊಂಡಂತೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ ಅವರು ವಾದಿಸಿದರು. ಜೇನುಕುರುಬಕ್ಕೆ ಕನ್ನಡದ ವ್ಯಾಕರಣವನ್ನು ಹೊದಿಸಬಾರದು ಎಂಬುದು ಅದೇ ವಾದದ ಮುಂದಿನ ಹೆಜ್ಜೆ.

4. ಅನಾಮಿಕತೆ, ಸಮ್ಮತಿ, ಒಡೆತನ

ಲೇಖಕ ಮತ್ತು ಪರಿಶೀಲಕರಿಬ್ಬರ ಹೆಸರನ್ನೂ ಮುಚ್ಚಿಡುವ ಪದ್ಧತಿ ನ್ಯಾಯಕ್ಕಾಗಿ ಇರುವಂಥದು. ಸಣ್ಣ ಕಾಲೇಜಿನ ಅಧ್ಯಾಪಕರಿಗೆ ಅದರಿಂದ ರಕ್ಷಣೆಯೂ ಉಂಟು. ಆದರೆ ಲೇಖಕರ ಗುರುತು ಸಿಗಬಾರದೆಂದು ಹಾಡಿಯ ಹೆಸರನ್ನೂ ಧ್ವನಿಮುದ್ರಣದ ಸಂಗ್ರಹಸ್ಥಾನವನ್ನೂ ಅಳಿಸಿದರೆ ಪರಿಶೀಲಕರ ಕೈಗೆ ಸಿಗುವುದು ನೆಲೆಯಿಲ್ಲದ ಉದಾಹರಣೆಗಳು. ಉಪಭಾಷಾಧ್ಯಯನದಲ್ಲಿ ಸ್ಥಳವೇ ಸಾಕ್ಷ್ಯ. ಕೃತಜ್ಞತೆ, ಧನಸಹಾಯ, ಸ್ವಂತ ಉಲ್ಲೇಖಗಳನ್ನು ಮರೆಮಾಡಿ ಸ್ಥಳದ ಹೆಸರನ್ನು ಉಳಿಸಿಕೊಳ್ಳುವುದು ಸರಿಯಾದ ಕ್ರಮ.

ವಕ್ತೃಗಳ ವಿಷಯದಲ್ಲಿ ಪ್ರಶ್ನೆ ಮತ್ತಷ್ಟು ಸೂಕ್ಷ್ಮ. ಅವರನ್ನು 'ವಕ್ತೃ 1', 'ವಕ್ತೃ 2' ಎಂದು ಕರೆಯುವುದು ರೂಢಿ. ತನ್ನ ಕಥೆ ತನ್ನ ಹೆಸರಿನಲ್ಲೇ ಬರಲಿ ಎನ್ನುವ ಹಿರಿಯರಿಗೆ ಅದು ಗೌರವವೆನಿಸದು. ಇನ್ನೊಂದು ಕಡೆ ಜೇನು ತೆಗೆಯುವ ಜಾಗ, ಕಾಡಿನ ದಾರಿ, ದೈವದ ನೆಲೆಗಳ ವಿವರವುಳ್ಳ ಮಾತು ಮುಕ್ತವಾಗಿ ಪ್ರಕಟವಾದರೆ ಅದರ ಫಲವನ್ನು ಅನುಭವಿಸುವವರು ಲೇಖಕರಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳುತ್ತಿರುವ, ನಾಗರಹೊಳೆಯಿಂದ ಸ್ಥಳಾಂತರಗೊಂಡ ನೆನಪಿರುವ ಸಮುದಾಯದ ಮಾತು ಅದು. 'ಸಮ್ಮತಿ ಪಡೆಯಲಾಗಿದೆ' ಎಂಬ ಒಂದು ಚೌಕದಲ್ಲಿ ಗುರುತು ಹಾಕಿದರೆ ಇವೆರಡೂ ಸಂದರ್ಭಗಳು ಒಂದಾಗಿಬಿಡುತ್ತವೆ. ಮಾತನ್ನು ದಾಖಲಿಸಲು, ಉದಾಹರಿಸಲು, ಹೆಸರಿಸಲು, ಧ್ವನಿಯನ್ನು ಸಾರ್ವಜನಿಕವಾಗಿ ಇಡಲು ಬೇರೆ ಬೇರೆ ಸಮ್ಮತಿ ಬೇಕು. ಅದನ್ನು ಕ್ಷೇತ್ರಕಾರ್ಯದ ಕಾಲದಲ್ಲೇ ಕೇಳಬೇಕು, ಸಲ್ಲಿಕೆಯ ಹಿಂದಿನ ರಾತ್ರಿ ಅಲ್ಲ.

ಇಲ್ಲಿ 'ಕೇರ್' ಎಂಬ ಹೆಸರಿನ ಎರಡು ವ್ಯವಸ್ಥೆಗಳನ್ನು ಹೋಲಿಸಬಹುದು. ಒಂದು, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಯುಜಿಸಿ-ಕೇರ್ ಪಟ್ಟಿ. 2019ರಿಂದ ಜಾರಿಯಲ್ಲಿದ್ದು 2025ರಲ್ಲಿ ರದ್ದಾಯಿತು. ಮತ್ತೊಂದು, 2019ರಲ್ಲೇ ರೂಪುಗೊಂಡ, ಮೂಲನಿವಾಸಿಗಳ ದತ್ತಾಂಶವನ್ನು ಕುರಿತ ಕೇರ್ ತತ್ತ್ವಗಳು: ಸಾಮೂಹಿಕ ಹಿತ, ನಿಯಂತ್ರಣದ ಅಧಿಕಾರ, ಹೊಣೆ, ನೈತಿಕತೆ. ಮೊದಲನೆಯದನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದರು. ಎರಡನೆಯದು ಪಾಠಗಳಲ್ಲಿ ಅಪರೂಪ. ಪತ್ರಿಕೆ ಪಟ್ಟಿಯಲ್ಲಿದೆಯೇ ಎಂಬುದನ್ನೇ ನೀತಿಯ ಪ್ರಶ್ನೆಯೆಂದು ತಿಳಿದದ್ದರ ಪರಿಣಾಮವಿದು. ಪಟ್ಟಿ ಹೋದ ಮೇಲೆ ಪತ್ರಿಕೆಯ ಗುಣಮಟ್ಟವನ್ನು ಅಳೆಯುವ ಹೊಣೆ ಸಂಸ್ಥೆಗಳ ಮತ್ತು ಸಂಶೋಧಕರ ಮೇಲೆ ಬಿದ್ದಿದೆ. ಸಂಪಾದಕ ಮಂಡಳಿ ಯಾರದು, ಪರಿಶೀಲನೆ ಹೇಗೆ ನಡೆಯುತ್ತದೆ, ಶುಲ್ಕವೆಷ್ಟು, ಲೇಖನ ಶಾಶ್ವತವಾಗಿ ಎಲ್ಲಿ ಉಳಿಯುತ್ತದೆ ಎಂಬುದರ ಜೊತೆಗೆ, ದತ್ತಾಂಶದ ಬಗ್ಗೆ ಪತ್ರಿಕೆಯ ನಿಲುವೇನು ಎಂದೂ ಕೇಳಬೇಕು.

5. ಉಪಸಂಹಾರ

ಪಿಎಚ್‌.ಡಿ. ಪ್ರಬಂಧಕ್ಕೆ ಮುನ್ನ ಲೇಖನ ಪ್ರಕಟವಾಗಲೇಬೇಕೆಂಬ 2016ರ ನಿಯಮವನ್ನು 2022ರ ನಿಯಮಾವಳಿ ಕೈಬಿಟ್ಟಿದೆ. ಅವಸರದ ಒಂದು ಕಾರಣ ಕಡಿಮೆಯಾದಂತಾಯಿತು. ಆ ಬಿಡುವನ್ನು ಹಸ್ತಪ್ರತಿಯ ಸಿದ್ಧತೆಗೆ ಬಳಸಿಕೊಳ್ಳಬಹುದು. ಪತ್ರಿಕೆಗಳು ಮಾಡಬೇಕಾದದ್ದೂ ದೊಡ್ಡದೇನಲ್ಲ. ಭಾಷೆಯ ಅಂಕಣದಲ್ಲಿ ಸಂಹಿತೆಯ ಜೊತೆಗೆ ಸ್ಥಳೀಯ ಹೆಸರಿಗೂ ವಿವರಣೆಗೂ ಜಾಗ, ಉದಾಹರಣೆಗಳಿಗೆ ಸ್ಥಳೀಯ ಲಿಪಿಯ ಸಾಲು, ಹಂತಹಂತದ ಸಮ್ಮತಿಯ ನಮೂನೆ, ಧ್ವನಿಯನ್ನು ಮುಕ್ತವಾಗಿಡದೆಯೂ ಲೇಖನ ಸಲ್ಲಿಸುವ ಅವಕಾಶ: ಇವಿಷ್ಟಕ್ಕೆ ತಂತ್ರಜ್ಞಾನ ಸಿದ್ಧವಾಗಿಯೇ ಇದೆ. ಈ ಪತ್ರಿಕೆಯಂತಹ ದ್ವಿಭಾಷಾ ಪತ್ರಿಕೆಗಳಿಗೆ ಇನ್ನೂ ಒಂದು ಹೊಣೆಯಿದೆ. ಕನ್ನಡದ ಸಾರಾಂಶವು ಇಂಗ್ಲಿಷಿನದರ ನೆರಳಾಗದೆ, ನುಡಿಯನ್ನು ಕೊಟ್ಟವರು ಓದಿ ಒಪ್ಪಬಹುದಾದ, ಒಪ್ಪದಿದ್ದರೆ ಪ್ರಶ್ನಿಸಬಹುದಾದ ಬರಹವಾಗಬೇಕು. ಹೆಗ್ಗಡದೇವನಕೋಟೆಯ ಭಾಷಿಕರು ಪರಿಶೀಲಕರ ಪಟ್ಟಿಯಲ್ಲಿ ಇಲ್ಲ. ಅವರ ಪರಿಶೀಲನೆಗೆ ಸದ್ಯಕ್ಕೆ ತೆರೆದಿರುವ ಬಾಗಿಲು ಆ ಸಾರಾಂಶ ಮಾತ್ರ.