ಅತ್ತಿಯ ಹಣ್ಣೂ ಕವಿಯ ಕಣ್ಣೂ

ಹೊರಗೆ ಚೆಲುವು, ಒಳಗೆ ಹುಳುಕು ಎಂದು ಹೇಳಬೇಕಾದಾಗಲೆಲ್ಲ ನೀತಿಕವಿಗೆ ನೆನಪಾಗುವುದು ಅತ್ತಿಯ ಹಣ್ಣು. ವೇಮನನ ಹೆಸರಿನಲ್ಲಿ ಪ್ರಸಿದ್ಧವಾದ ತೆಲುಗು ಪದ್ಯವೊಂದು ಹೇಡಿಯ ಬಡಾಯಿಯನ್ನು ಇದಕ್ಕೆ ಹೋಲಿಸುತ್ತದೆ. ಕನ್ನಡದ ಆಡುಮಾತಿನಲ್ಲಿಯೂ ಅದು ಸೋಗಿನ ಗುರುತೇ. ಅತ್ತಿಯ ಹೂವಿನ ಭಾಗ್ಯ ಬೇರೆ. ಹೊರಗೆ ಎಂದೂ ಕಾಣದ ಆ ಹೂವು ‘ಸದ್ಧರ್ಮಪುಂಡರೀಕ’ದಲ್ಲಿ ಬುದ್ಧನ ಆವಿರ್ಭಾವದ ದುರ್ಲಭತೆಗೆ ಉಪಮಾನವಾಯಿತು. ಒಂದೇ ಮರದ ಹೂವು ಪೂಜ್ಯ, ಹಣ್ಣು ನಿಂದ್ಯ! ಹೂವು ಕಾಣದಿರುವುದಕ್ಕೂ ಹಣ್ಣಿನಲ್ಲಿ ಹುಳು ಇರುವುದಕ್ಕೂ ನಂಟೇನು ಎಂದು ಕಾವ್ಯ ಕೇಳಲಿಲ್ಲ, ಸಸ್ಯಶಾಸ್ತ್ರ ಕೇಳಿತು.

ನಾವು ಎಳೆಗಾಯಿ ಎಂದು ತಿಳಿಯುವುದೇ ಹೂಗೊಂಚಲು. ಅದರ ಒಳಗೋಡೆಯ ಮೇಲೆ ಸಾವಿರಾರು ಕಿರುಹೂಗಳು ಅರಳುತ್ತವೆ. ತುದಿಯ ಸಣ್ಣ ಕಂಡಿಯಿಂದ ಹೆಣ್ಣು ಕಣಜವೊಂದು ರೆಕ್ಕೆ ಕಳೆದುಕೊಂಡು ಒಳಗೆ ನುಗ್ಗುತ್ತದೆ. ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವು ಮರಿಗೆ ತೊಟ್ಟಿಲು. ಪರಾಗ ಮಾತ್ರ ದೊರೆತ ಹೂವು ಬೀಜ. ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳನ್ನು ಕೂಡಿ, ಗೋಡೆ ಕೊರೆದು ದಾರಿ ಮಾಡಿ ಮಡಿಯುತ್ತವೆ. ಹೆಣ್ಣುಗಳು ಹೊಸ ಪರಾಗ ಹೊತ್ತು ಹಾರಿಹೋಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ಸಂಗಡಿಗರು ಈ ಮರವನ್ನೂ ಈ ಕಣಜವನ್ನೂ ವಿಶೇಷವಾಗಿ ಅಭ್ಯಸಿಸಿದ್ದಾರೆ. ನೀತಿಕಾರ ಹೇಸಿದ ಹುಳುವಿಲ್ಲದೆ ಬೀಜವಿಲ್ಲ. ಬೀಜವಿಲ್ಲದೆ ಮರದ ಸಂತಾನವಿಲ್ಲ.

ಹಾಗಾದರೆ ವೇಮನನ ಉಪಮೆ ಸುಳ್ಳೆ? ಹಾಗೆನ್ನುವುದು ಅರಸಿಕತನ. ಲೋಕದಲ್ಲಿಲ್ಲದ್ದನ್ನು ಹೇಳುವುದಕ್ಕೂ ಇರುವುದನ್ನು ಬಿಡುವುದಕ್ಕೂ ಕವಿಸಮಯದಲ್ಲಿ ಎಡೆಯುಂಟೆಂದು ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಒಪ್ಪಿದ್ದಾನೆ. ಅಲ್ಲದೆ ವೇಮನನ ಪದ್ಯದ ಹಿಂದೆ ಹಣ್ಣನ್ನು ಒಡೆದು ನೋಡಿದ ಕಣ್ಣಿದೆ. ‘ಮೇಘದೂತ’ದಲ್ಲಿ ತಂಗಾಳಿಗೆ ಕಾಡಿನ ಅತ್ತಿಹಣ್ಣು ಮಾಗುವುದನ್ನು ಕಾಳಿದಾಸ ಹೇಳುವಲ್ಲಿಯೂ ಅಂಥ ಕಣ್ಣೇ ಇದೆ, ಅವನು ನೀತಿಯನ್ನು ಹಚ್ಚುವುದಿಲ್ಲ, ಅಷ್ಟೆ. ದೋಷವಿರುವುದು ಹಣ್ಣನ್ನು ಒಡೆಯದೆ ಉಪಮೆಯನ್ನು ಮಾತ್ರ ಕಡ ತರುವ ನಮ್ಮ ಕಾಲದ ಪದ್ಯದಲ್ಲಿ.

ಇನ್ನೊಂದು ಅಪಾಯವೂ ಉಂಟು. ವಿಜ್ಞಾನವನ್ನು ಅರೆಬರೆ ಓದಿದವರು ಈ ಸಹಜೀವನವನ್ನು ಸ್ನೇಹವೆಂದೂ ತ್ಯಾಗವೆಂದೂ ಹಾಡತೊಡಗುತ್ತಾರೆ. ಮಾವಿಗೂ ಮಲ್ಲಿಗೆಗೂ ಮದುವೆ ಮಾಡಿದ ಹಳೆಯ ಚಾಳಿಯೇ ಇದು. ಮರ ಕಣಜಕ್ಕೆ ಕೊಡುವುದು ತನ್ನ ಬೀಜವಾಗಬಹುದಾಗಿದ್ದ ಹೂಗಳನ್ನು. ಕಣಜ ಬಯಸುವುದು ತನ್ನ ಮರಿಗಳನ್ನು. ಈ ಕೊಡುಕೊಳೆಗೆ ಕಳ್ಳರೂ ಇದ್ದಾರೆ: ಪರಾಗವನ್ನು ತಾರದೆ, ಹೊರಗಿನಿಂದಲೇ ಉದ್ದನೆಯ ಸೂಜಿಯಂಥ ಅಂಗವನ್ನು ಚುಚ್ಚಿ ಮೊಟ್ಟೆಯಿಡುವ ಬೇರೆ ಕಣಜಗಳು.

ಒಲವಿಲ್ಲದೆಯೂ ಒಂದನ್ನೊಂದು ಬಿಟ್ಟು ಬಾಳಲಾರದ ಈ ನಂಟಿಗೆ ನಮ್ಮ ಕಾವ್ಯದಲ್ಲಿ ಇನ್ನೂ ತಕ್ಕ ಮಾತು ಹುಟ್ಟಿಲ್ಲ. ನಮ್ಮ ಸಂಸಾರ, ಊರು, ಕಸುಬುಗಳಲ್ಲಿ ಇಂಥ ನಂಟು ಎಷ್ಟಿಲ್ಲ! ಅದನ್ನು ನಿಂದಿಸದೆ, ಸಿಹಿಯನ್ನೂ ಬೆರೆಸದೆ ಹೇಳಬಲ್ಲ ಕವಿಗೆ ಅತ್ತಿಯ ಹಣ್ಣು ಇಂದಿಗೂ ಹೊಸ ವಸ್ತುವೇ.