ಸತ್ತವರು ಸತ್ತೇ ಇರಲಿ

ಶುಕ್ರವಾರ ರಾತ್ರಿ ಧಾರಾವಾಹಿಯ ನಾಯಕನ ಕಾರು ಘಾಟಿಯಿಂದ ಉರುಳುತ್ತದೆ. ಗುಡುಗಿನ ಸದ್ದು, ನಾಯಕಿಯ ಮುಖ ಮೂರು ಕೋನದಿಂದ ಮೂರು ಸಲ. ಶಿವಮೊಗ್ಗದ ವಿನೋಬನಗರವಿರಲಿ, ಭದ್ರಾವತಿಯ ಕಾಗದನಗರವಿರಲಿ, ಟಿವಿ ಮುಂದೆ ಕೂತ ಅಜ್ಜಿಗೆ ಎಳ್ಳಷ್ಟೂ ಗಾಬರಿಯಿಲ್ಲ. "ಏನೂ ಆಗಲ್ಲ ಸುಮ್ನಿರೇ, ಸೋಮವಾರ ಎದ್ದು ಕೂರ್ತಾನೆ" ಎಂದು ಸೊಸೆಗೆ ಹೇಳಿ ಊಟಕ್ಕೆ ಏಳುತ್ತಾರೆ. ಸೋಮವಾರ ಅವನು ಏಳುತ್ತಾನೆ. ನೆನಪು ಹೋಗಿರುತ್ತದೆ, ಟಿಆರ್‌ಪಿ ಬಿದ್ದಾಗ ಅದೂ ವಾಪಸು ಬರುತ್ತದೆ.

ಅಜ್ಜಿ ನೋಡುವುದನ್ನು ಬಿಟ್ಟಿಲ್ಲ, ಮರುಗುವುದನ್ನು ಬಿಟ್ಟಿದ್ದಾರೆ. ಅವರನ್ನು ದೂರುವಂತಿಲ್ಲ. 2015ರಲ್ಲಿ ನಿಂತ ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ಯಾವ ಸೋಮವಾರವೂ ಎದ್ದು ಕೂರಲಿಲ್ಲ. ಹೋದದ್ದು ಮರಳುವುದಿಲ್ಲ ಎಂದರೇನು ಎಂದು ಬಲ್ಲ ಊರಿದು. ಇಲ್ಲಿಯವರನ್ನು ಸುಳ್ಳು ಸಾವಿನಿಂದ ಅಳಿಸುವುದು ಕಷ್ಟ.

ಸಿನಿಮಾದವರಿಗೂ ಈ ಚಾಳಿ ಅಂಟಿದೆ. 2022ರ 'ಕೆಜಿಎಫ್' ಎರಡನೇ ಅಧ್ಯಾಯದಲ್ಲಿ ರಾಕಿ ತನ್ನ ಚಿನ್ನದ ಸಮೇತ ಸಮುದ್ರಕ್ಕೆ ಇಳಿದ. ಅಷ್ಟು ಅಬ್ಬರದ ಬದುಕಿಗೆ ತಕ್ಕ ಮುಕ್ತಾಯವೇ. ಆದರೆ ಪ್ರೇಕ್ಷಕ ಸೀಟಿನಿಂದ ಎದ್ದು ಬಾಗಿಲು ಸೇರುವಷ್ಟರಲ್ಲಿ ಮೂರನೇ ಅಧ್ಯಾಯದ ಸುಳಿವು! ಗಂಟಲಿಗೆ ಬಂದ ದುಃಖ ಅಲ್ಲಿಂದಲೇ ಹಿಂದಿರುಗಿತು.

ಇದಕ್ಕೆ ಎದುರಾಗಿ ನಮ್ಮದೇ ಜಿಲ್ಲೆಯ 'ಘಟಶ್ರಾದ್ಧ'ವನ್ನು ಇಟ್ಟು ನೋಡಿ. ಕಥೆ ಅನಂತಮೂರ್ತಿಯವರದು, 1977ರ ಚಿತ್ರ ಗಿರೀಶ್ ಕಾಸರವಳ್ಳಿಯವರದು. ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನವರು. ಗರ್ಭಿಣಿಯಾದ ವಿಧವೆ ಯಮುನಾ ಹಾವಿನ ಹುತ್ತಕ್ಕೆ ಕೈಹಾಕಿದರೂ ಸಾಯುವುದಿಲ್ಲ. ಬದುಕಿರುವ ಮಗಳಿಗೇ ತಂದೆ ಶ್ರಾದ್ಧ ಮಾಡುತ್ತಾನೆ. ಪುಟ್ಟ ನಾಣಿಯನ್ನು ಅವನಪ್ಪ ಊರಿಗೆ ಕರೆದೊಯ್ಯುವಾಗ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಾ ಕಾಣುತ್ತಾಳೆ. ನಾಣಿ ನಿಲ್ಲುವಂತಿಲ್ಲ, ನಾವೂ ಏನೂ ಮಾಡುವಂತಿಲ್ಲ. ಚಿತ್ರದಲ್ಲಿ ಅವಳು ಸಾಯುವುದೇ ಇಲ್ಲ ಎಂಬುದನ್ನು ಗಮನಿಸಿ. ಹೆಣ ಬಿದ್ದರೆ ಮಾತ್ರ ಕಥೆಗೆ ತೂಕ ಎಂದೇನಿಲ್ಲ. ಆದದ್ದು ಆಗಿಹೋಯಿತು ಎನ್ನಿಸಿದರೆ ಸಾಕು.

ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಕುತೂಹಲ ಎಲ್ಲಿ ಎಂದು ಕೆಲವರು ಕೇಳಬಹುದು. ಅವರು ಒಂದು ರಾತ್ರಿ ಯಕ್ಷಗಾನಕ್ಕೆ ಬರಲಿ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ ಎಂಬುದು ಮಡಿಲಲ್ಲಿ ತೂಕಡಿಸುವ ಮಗುವಿಗೂ ಗೊತ್ತು. ನಾಳೆ ಇನ್ನೊಂದು ಊರಲ್ಲಿ ಅದೇ ಕಲಾವಿದ ಅದೇ ವೇಷ ಕಟ್ಟುತ್ತಾನೆ ಎಂಬುದೂ ಗೊತ್ತು. ಆದರೂ ಚೆಂಡೆ ನಿಂತು ಭಾಗವತರ ದನಿ ಇಳಿದಾಗ ಕಣ್ಣೊರೆಸಿಕೊಳ್ಳುವವರಿದ್ದಾರೆ. ಪ್ರಸಂಗದೊಳಗೆ ಸುಭದ್ರೆಗೆ ಮಗ ವಾಪಸು ಸಿಗುವುದಿಲ್ಲವಲ್ಲ.

ಸತ್ತವರು ಏಳಲೇಬಾರದು ಎಂದು ನಾನು ಹಟ ಹಿಡಿಯುತ್ತಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಮಗ ಬಭ್ರುವಾಹನನ ಕೈಯಲ್ಲೇ ಸತ್ತ ಅರ್ಜುನ ಮತ್ತೆ ಏಳುತ್ತಾನೆ. ಆದರೆ ಅದಕ್ಕಾಗಿ ನಾಗರೊಡನೆ ಕಾದಿ ಪಾತಾಳದ ಮಣಿ ತರಬೇಕಾಯಿತು. ಎದ್ದವನು ತಾನೇ ಹೀನಾಯವಾಗಿ ಬೈದು ತಳ್ಳಿದ ಮಗನನ್ನು ಒಪ್ಪಿಕೊಳ್ಳಬೇಕಾಯಿತು. ಏಳುವುದಕ್ಕೂ ಬೆಲೆ ತೆತ್ತದ್ದರಿಂದ ಆ ಮರುಹುಟ್ಟನ್ನು ನಾವು ಒಪ್ಪುತ್ತೇವೆ. ಕಾನನ್ ಡಾಯ್ಲ್ 1893ರಲ್ಲಿ ಜಲಪಾತಕ್ಕೆ ಬೀಳಿಸಿದ ಷರ್ಲಾಕ್ ಹೋಮ್ಸ್‌ನನ್ನು ಬದುಕಿಸಿ ಕರೆತಂದದ್ದು 1903ರಲ್ಲಿ. ಅಷ್ಟು ವರ್ಷ ಓದುಗರು ಆ ನಷ್ಟವನ್ನು ನಿಜವಾಗಿ ಅನುಭವಿಸಿದ್ದರು. ನಮ್ಮ ಧಾರಾವಾಹಿಗಳು ಎರಡು ದಿನದ ರಜೆಯನ್ನೇ ಸಾವು ಎಂದು ಕರೆಯುತ್ತವೆ.

ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಪಾತ್ರಗಳಿಗೂ ಅನ್ವಯಿಸಬೇಕು. ಉಣ್ಣುವುದೇ ಇಲ್ಲ ಎಂದಾದರೆ ಅವರು ಮಾಡಿದ್ದಕ್ಕೂ ಅರ್ಥ ಉಳಿಯದು. ಹೆಂಡತಿಗೆ ವಿಷವಿಟ್ಟವನು ಹತ್ತು ಕಂತಿನ ನಂತರ ಅದೇ ಮನೆಯಲ್ಲಿ ಹಬ್ಬದೂಟ ಮಾಡಿದರೆ, ವಿಷವೂ ಪಾಯಸವೂ ಒಂದೇ ಆಗಿಬಿಡುತ್ತದೆ.

ಕಥೆ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೇ: ಉಳಿಸಿಕೊಳ್ಳುವ ಮನಸ್ಸಿದ್ದರೆ ಪಾತ್ರವನ್ನು ಕೊಲ್ಲಬೇಡಿ. ಬರೀ ಕಾಲು ಮುರಿಯಿರಿ, ಸಾಕು. ಆದರೆ ಮುಂದಿನ ನೂರು ಕಂತುಗಳಲ್ಲೂ ಅವನು ಕುಂಟಲೇಬೇಕು.